ಹಿಂದಿನ ಸೀಟಿನ ಹೀರೋಗೂ ಹೆಲ್ಮೆಟ್ ಬೇಕು!

ತೆರೆಯ ಮೇಲೆ ಹೆಸರುಗಳು ಓಡುತ್ತಿವೆ. ಹೀರೋ ತನ್ನ ಮೋಟಾರ್ ಸೈಕಲ್ ಒರೆಸಿ, ಸಿದ್ಧ ಮಾಡಿ ಹೊರಡುತ್ತಾನೆ. ಹಸಿರು ಹಳ್ಳಿಯ ರಸ್ತೆ. ವೇಗ ಏರುತ್ತದೆ, ಏರುತ್ತದೆ... ಎದುರಿಗೆ ಸೈಕಲ್ ಸವಾರರು! ಗಕ್ಕನೆ ಪಕ್ಕಕ್ಕೆ ತಿರುಗಿಸುತ್ತಾನೆ. ಮರುಕ್ಷಣ ನಮಗೆ ಕಾಣುವುದು ಗಿಡದ ಕೊಂಬೆಗೆ ನೇತುಬಿದ್ದ ಅವನ ಕನ್ನಡಕ ಮಾತ್ರ.

ಕಥೆ ಶುರುವಾಗುವ ಮೊದಲೇ ಹೀರೋ ಸತ್ತ!

ಇದು 1962ರ ‘ಲಾರೆನ್ಸ್ ಆಫ್ ಅರೇಬಿಯಾ’. ನಿರ್ದೇಶನ ಡೇವಿಡ್ ಲೀನ್, ಹೀರೋ ಪೀಟರ್ ಒ’ಟೂಲ್. ಏಳು ಆಸ್ಕರ್ ಗೆದ್ದ ಚಿತ್ರ. ಆದರೆ ಈ ದೃಶ್ಯ ಬರೀ ಸಿನಿಮಾ ಅಲ್ಲ ಸ್ವಾಮಿ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ನಿಜವಾದ ಲಾರೆನ್ಸ್, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ಉಳಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟು. ಮರುಭೂಮಿಯ ಯುದ್ಧ ಗೆದ್ದು ಬಂದ ಗಂಡು, ಆರು ದಿನ ಕಣ್ಣು ಬಿಡದೆ ಮೇ 19ಕ್ಕೆ ಹೊರಟೇ ಹೋದ.

ಡಾಕ್ಟರ್ ಸುಮ್ಮನಾಗಲಿಲ್ಲ!

ಆತನನ್ನು ನೋಡಲು ಬಂದಿದ್ದ ವೈದ್ಯರಲ್ಲಿ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಉಳಿಸಲಾಗಲಿಲ್ಲವೆಂಬ ಕೊರಗೋ ಏನೋ, ಮುಂದೆ ಅವರು ಬೈಕ್ ಅಪಘಾತಗಳ ಬೆನ್ನು ಹತ್ತಿದರು. ಎರಡನೇ ಮಹಾಯುದ್ಧದ ಮೊದಲ 21 ತಿಂಗಳಲ್ಲೇ ಬ್ರಿಟನ್ನಿನಲ್ಲಿ ಸತ್ತ ಬೈಕ್ ಸವಾರರು, ಹಿಂದೆ ಕೂತವರು ಸೇರಿ 2279 ಮಂದಿ! ಹೆಲ್ಮೆಟ್ ಹಾಕಿಯೂ ಪೆಟ್ಟು ತಿಂದವರು ಕೇರ್ನ್ಸ್ ಅವರಿಗೆ ಸಿಕ್ಕಿದ್ದು ಏಳೇ ಜನ. ಏಳೂ ಜನ ಬದುಕಿದ್ದರು! 1941ರಲ್ಲಿ ಅವರು ಇದನ್ನೆಲ್ಲ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಜನಸಾಮಾನ್ಯರಿಗೆ ಕಾನೂನು ಬಂದದ್ದು 1973ರಲ್ಲಿ.

ಒಳಗೆ ಏನಾಗುತ್ತೆ?

ಬುರುಡೆ ರಸ್ತೆಗೆ ಬಡಿದು ನಿಂತರೂ ಒಳಗಿನ ಮಿದುಳು ನಿಲ್ಲೋದಿಲ್ಲ. ಅದು ಹೋಗಿ ಬುರುಡೆಗೇ ಅಪ್ಪಳಿಸುತ್ತೆ. ರಕ್ತನಾಳ ಹರಿಯಬಹುದು, ಮಿದುಳು ಊದಬಹುದು. ಹೊರಗೆ ಒಂದು ತೊಟ್ಟು ರಕ್ತ ಕಾಣದಿದ್ದರೂ ಒಳಗೆ ಕಥೆ ಮುಗಿದಿರಬಹುದು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರ ತಾನು ಜಜ್ಜಿಹೋಗಿ ಆ ಪೆಟ್ಟನ್ನು ನುಂಗುತ್ತೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಹೆಲ್ಮೆಟ್ ಹಾಕಿದರೆ ಸಾವಿನ ಅಪಾಯ ಸುಮಾರು ಶೇ. 42, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ. 69 ಕಡಿಮೆ ಎಂದು ಗೊತ್ತಾಗಿದೆ. ಆದರೆ ಪಟ್ಟಿ ಬಿಗಿಯದಿದ್ದರೆ ಅದು ನಿಮಗಿಂತ ಮೊದಲೇ ಹಾರಿಹೋಗುತ್ತೆ!

ನಮ್ಮ ವಿಜಯ್...

ಇಂಗ್ಲೆಂಡಿನ ಮಾತು ಸಾಕು. ನಮ್ಮ ಸಂಚಾರಿ ವಿಜಯ್ ಅವರನ್ನು ಮರೆಯೋಕಾಗುತ್ತಾ? ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ. ರಂಗಭೂಮಿಯಲ್ಲಿ ಪಳಗಿ ಬಂದು, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದ ಕಲಾವಿದ. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನಲ್ಲಿ ಹಿಂದೆ ಕೂತು ಹೋಗುತ್ತಿದ್ದರು. ಬೈಕ್ ಜಾರಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಶಸ್ತ್ರಚಿಕಿತ್ಸೆ ಮಾಡಿದರೂ ಮಿದುಳು ಮರಳಲಿಲ್ಲ. ಇನ್ನೂ 37 ವರ್ಷ! ಹೋಗುವಾಗಲೂ ಅವರ ಅಂಗಾಂಗಗಳು ಬೇರೆಯವರ ಬಾಳಿಗೆ ದಾನವಾದವು.

ಹಿಂದೆ ಕೂತವನ ತಲೆ ಬೇರೆ ಕಬ್ಬಿಣದಿಂದ ಮಾಡಿದ್ದಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕದಲ್ಲಿ 2016ರಿಂದಲೇ ಕಡ್ಡಾಯ. ಆದರೂ ನಮ್ಮ ಹುಡುಗರ ಮಾತು ಹೇಗಿರುತ್ತೆ ಗೊತ್ತಲ್ಲ:

“ಹತ್ತೋ ಬೇಗ, ಶೋ ಶುರುವಾಗುತ್ತೆ!”

“ಲೇ, ನಂಗೆ ಹೆಲ್ಮೆಟ್ಟು?”

“ಇಲ್ಲೇ ಟಾಕೀಸಿಗೆ ತಾನೇ? ಪೊಲೀಸ್ ಇಲ್ಲದ ರೋಡಲ್ಲಿ ಹೋಗೋಣ ಬಾರೋ!”

ಪೊಲೀಸ್ ಇಲ್ಲದ ರೋಡಲ್ಲೂ ಕಲ್ಲು, ಕಂಬ, ಹಳ್ಳ ಇರ್ತವಲ್ಲ ಗುರು! ಐಎಸ್‌ಐ ಗುರುತಿನ ಇನ್ನೊಂದು ಹೆಲ್ಮೆಟ್ ಗಾಡಿಗೇ ಸಿಕ್ಕಿಸಿಡಿ. ಜೊತೆಗಾರ ಅದನ್ನು ಹಾಕಿ ಪಟ್ಟಿ ಬಿಗಿಯುವ ತನಕ ಕಿಕ್ ಹೊಡೆಯಬೇಡಿ. ತಡವಾದರೆ ತೆರೆಯ ಮೇಲಿನ ನಾಲ್ಕು ಹೆಸರು ತಪ್ಪಬಹುದು, ಅಷ್ಟೇ. ಪಕ್ಕದ ಸೀಟಿನಲ್ಲಿ ಕೂತು ಶಿಳ್ಳೆ ಹೊಡೆಯೋಕೆ ಗೆಳೆಯ ಇರಬೇಕಲ್ಲವೇ?