ಬಿಳಿ ಉಪ್ಪು, ಕರಿ ಎಮ್ಮೆ ಮತ್ತು ಕ್ಯಾಮೆರಾದ ಮೀಟರು

ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಬೇಸಿಗೆಯ ಬಿಸಿಲಿಗೆ ಉಪ್ಪಿನ ರಾಶಿಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತವೆ. ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಆಟೋದಲ್ಲಿಟ್ಟು, ಚೌಕಟ್ಟಿನ ತುಂಬ ಉಪ್ಪೇ ಬರುವಂತೆ ಕ್ಲಿಕ್ಕಿಸಿ ನೋಡಿ. ಚಿತ್ರದಲ್ಲಿ ಅದು ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕರಿ ಎಮ್ಮೆಯ ಮೈಯನ್ನು ಹಾಗೇ ತುಂಬಿಸಿ ತೆಗೆದರೆ ಅದೂ ಬೂದು. ಕ್ಯಾಮೆರಾ ಕೆಟ್ಟಿಲ್ಲ, ಹೇಳಿಕೊಟ್ಟಷ್ಟನ್ನು ಚಾಚೂ ತಪ್ಪದೆ ಮಾಡಿದೆ.

ಒಳಗಿನ ಮೀಟರು ಅಳೆಯುವುದು ವಸ್ತುವಿನಿಂದ ಮರಳಿ ಬಂದ ಬೆಳಕನ್ನು ಮಾತ್ರ. ಆ ವಸ್ತು ಬಿಳಿಯೋ ಕರಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಎದುರಿಗಿರುವುದು ಒಟ್ಟಾರೆ ನಡುವಿನ ಬೂದು ಎಂದೇ ಅದರ ಲೆಕ್ಕ. ಫೋಟೋಗ್ರಾಫರುಗಳ ಗ್ರೇ ಕಾರ್ಡ್ ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಹಿಂದಿರುಗಿಸುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ ಬೂದು. ಮುಖ ಗುರುತಿಸುವ ಈಚಿನ ಕ್ಯಾಮೆರಾಗಳು ಒಂದಿಷ್ಟು ಜಾಣ. ಚೌಕಟ್ಟಿನ ತುಂಬ ಒಂದೇ ಬಣ್ಣವಿದ್ದರೆ ಅವೂ ಎಡವುತ್ತವೆ.

ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಕ್ಯಾಮೆರಾಕ್ಕಿರುವುದು ಅಪರ್ಚರ್ ಎಂಬ ಕಿಂಡಿ ಮತ್ತು ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ಗೊತ್ತುಮಾಡುವ ಶಟರ್. ಬಂದ ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದು ಐಎಸ್ಒ. ಶಟರ್ 1/250 ಸೆಕೆಂಡಿನಿಂದ 1/125ಕ್ಕೆ ಇಳಿದರೆ ಬೆಳಕು ಇಮ್ಮಡಿ. ಅಪರ್ಚರ್ ಎಫ್/2.8ರಿಂದ ಎಫ್/4ಕ್ಕೆ ಹೋದರೆ ಅರ್ಧ: ಕಿಂಡಿಯ ವ್ಯಾಸ 1.4 ಪಟ್ಟು ಕುಗ್ಗಿದರೆ ವಿಸ್ತೀರ್ಣ ಅರ್ಧವಾಗುತ್ತದೆ.

ಕಾಂಪ್ಯಾಕ್ಟ್‌ಗಳ ಮಟ್ಟಿಗೆ ಅಪರ್ಚರಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದರಿಂದ ಅಷ್ಟೇನೂ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಕಾಂಪ್ಯಾಕ್ಟಿನ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ವಿಸ್ತೀರ್ಣ ಇದರ ಸುಮಾರು ಮೂವತ್ತು ಪಟ್ಟು. ಇಷ್ಟು ಚಿಕ್ಕ ಸೆನ್ಸರಿಗೆ ಗಿಡ್ಡ ಫೋಕಲ್ ದೂರದ ಲೆನ್ಸೇ ಸಾಕು. ಅದರಲ್ಲಿ ಹತ್ತಿರದ್ದೂ ದೂರದ್ದೂ ಹೇಗೂ ಸ್ಪಷ್ಟ. ಹಿನ್ನೆಲೆ ಮಸುಕಾಗಿಸುವ ಆಟ ಇಲ್ಲಿ ಸುಲಭಕ್ಕೆ ನಡೆಯದು. ಕಿಂಡಿಯನ್ನು ತೀರಾ ಕಿರಿದು ಮಾಡಿದರೂ ಕಷ್ಟ. ಕಿರಿದಾದ ಕಿಂಡಿ ದಾಟುವಾಗ ಬೆಳಕಿನ ಅಲೆ ಹರಡಿಕೊಳ್ಳುತ್ತದೆ. ಎಫ್/8ರಲ್ಲಿ ಒಂದು ಹಸಿರು ಬೆಳಕಿನ ಚುಕ್ಕಿ ಸುಮಾರು 10 ಮೈಕ್ರಾನ್ ಅಗಲಕ್ಕೆ ಹಬ್ಬಿದರೆ, ಇಂಥ ಸೆನ್ಸರಿನ ಒಂದು ಪಿಕ್ಸೆಲ್ ಒಂದೂವರೆ ಮೈಕ್ರಾನಿನ ಆಸುಪಾಸು. ಚಿತ್ರ ಕಲಸಿಹೋಗುವುದು ಅದಕ್ಕೇ. ಕೆಲವು ಕ್ಯಾಮೆರಾಗಳಲ್ಲಂತೂ ಕಿಂಡಿ ಕಿರಿದಾಗುವುದೇ ಇಲ್ಲ, ಬೆಳಕು ತಗ್ಗಿಸುವ ಒಂದು ಬೂದು ಫಿಲ್ಟರ್ ಅಡ್ಡ ಬರುತ್ತದೆ, ಅಷ್ಟೆ. ಐಎಸ್ಒ ಏರಿಸಿದರೆ ಸಂಕೇತದ ಜೊತೆಗೆ ಕಾಳುಕಾಳು ಗದ್ದಲವೂ ಹಿಗ್ಗುತ್ತದೆ. ಪುಟ್ಟ ಪಿಕ್ಸೆಲ್‌ಗೆ ಸಿಗುವ ಬೆಳಕೇ ಕಮ್ಮಿಯಲ್ಲವೆ?

ಉಳಿಯಿತು, ಹೆಚ್ಚಿನವರು ಮುಟ್ಟದೇ ಬಿಡುವ ಪ್ಲಸ್–ಮೈನಸ್ ಗುಂಡಿ. ಇದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಮೀಟರಿನ ಲೆಕ್ಕವನ್ನು ನೀವು ತಿದ್ದುವ ಜಾಗ. ಉಪ್ಪಿಗೆ +1 ಕೊಟ್ಟರೆ ಇಮ್ಮಡಿ ಬೆಳಕು, ಬಿಳಿ ಬಿಳಿಯಾಗುತ್ತದೆ. ಎಮ್ಮೆಗೆ –1. ರಾತ್ರಿಯ ಯಕ್ಷಗಾನದಲ್ಲಿ ಈ ಮೈನಸ್ ಬಹಳ ಉಪಕಾರಿ: ಸುತ್ತಲಿನ ಕತ್ತಲನ್ನು ಬೂದು ಮಾಡಹೊರಟ ಮೀಟರು ವೇಷಧಾರಿಯ ಮುಖವನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಹಾಗೆ ಬೆಳ್ಳಗೆ ಸುಟ್ಟುಹೋದ ಭಾಗವನ್ನು ಕಂಪ್ಯೂಟರಿನಲ್ಲೂ ಹಿಂದಕ್ಕೆ ತರಲಾಗದು. ತುಂಬಿಹೋದ ಪಿಕ್ಸೆಲ್ ಮುಂದೆ ಬಂದ ಬೆಳಕನ್ನು ಎಣಿಸುವುದೇ ಇಲ್ಲ. ಕತ್ತಲಲ್ಲಿ ಅಡಗಿದ್ದನ್ನು ತುಸು ಗದ್ದಲದೊಡನೆ ಮೇಲೆತ್ತಬಹುದು. ಅನುಮಾನವಿದ್ದರೆ ಚಿತ್ರದ ಕತ್ತಲು–ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಂ ನೋಡಿ. ಗುಡ್ಡ ಬಲಗಡೆಯ ಅಂಚಿಗೆ ಒತ್ತಿ ನಿಂತಿದ್ದರೆ ಇನ್ನೊಂದು ಮೆಟ್ಟಿಲು ಇಳಿಸಿ.

ಮನೆಗೆ ಹೊರಡುವ ಮೊದಲು ಆ ಪ್ಲಸ್–ಮೈನಸ್ಸನ್ನು ಸೊನ್ನೆಗೆ ತಂದಿಡಿ. ಆಫ್ ಮಾಡಿದರೂ ಹಲವು ಕ್ಯಾಮೆರಾಗಳು ಆ –1ನ್ನು ಮರೆಯುವುದಿಲ್ಲ.