ನಿಮಗಿದು ಗೊತ್ತೆ? ಎರಡು ಸಾಲು ತೆಗೆದರು, ಬೀಗವೇ ಸಡಿಲಾಯಿತು!

ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಹುಟ್ಟಬೇಕಿದ್ದ ಕಂಪ್ಯೂಟರ್ ಗೂಢಲಿಪಿ ಕೀಲಿಗಳು ಬರೀ 32,767 ಬಗೆಗೆ ಇಳಿದಿದ್ದವು! ಒಂದೇ ಜಾತಿಯ ಯಂತ್ರ, ಒಂದೇ ಅಳತೆಯ ಕೀಲಿಯಾದರೆ ಅಷ್ಟೇ. 2006ರಿಂದ 2008ರ ಮೇವರೆಗೆ ಡೆಬಿಯನ್ ಲಿನಕ್ಸ್‌ನಲ್ಲಿ ಇದ್ದ ಸ್ಥಿತಿಯಿದು.

ಇದರ ಬೇರು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅದರಲ್ಲಿ ಫಂಕ್ಷನ್ನಿನೊಳಗೆ ‘ಇಂಟ್ ಎಕ್ಸ್;’ ಎಂದಷ್ಟೇ ಬರೆದರೆ ಎಕ್ಸ್ ಎಂಬ ವೇರಿಯಬಲ್ ಸೊನ್ನೆಯಾಗಿರುತ್ತದೆ ಎಂಬ ಭರವಸೆಯಿಲ್ಲ. ಆ ಜಾಗದಲ್ಲಿ ಹಿಂದಿನ ಕೆಲಸದ ಉಳಿಕೆ ಕೂತಿರಬಹುದು. ಬಂಕಾಪುರದ ಸಂತೆಯಲ್ಲಿ ಜೋಳ ಅಳೆದ ಸೇರನ್ನು ಕೊಡವದೆ ಕಡಲೆಗೆ ಹಾಕಿದರೆ ತಳದಲ್ಲಿ ನಾಲ್ಕು ಜೋಳದ ಕಾಳು ಇದ್ದೇ ಇರುತ್ತವಲ್ಲ, ಹಾಗೆ.

ಇಂಥ ಉಳಿಕೆ ಬಳಕೆಯಾಗುತ್ತಿದೆ ಎಂದು ವ್ಯಾಲ್‌ಗ್ರಿಂಡ್ ಎಂಬ ತಪಾಸಣೆ ತಂತ್ರಾಂಶ ಗೊಣಗಿತು. ಅದರ ಬಾಯಿ ಮುಚ್ಚಿಸಲು ಡೆಬಿಯನ್‌ನವರು ಕೀಲಿ ಹುಟ್ಟಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಎರಡು ಸಾಲು ತೆಗೆದರು. ಹೊಟ್ಟಿನ ಜತೆ ಕಾಳೂ ತೂರಿಹೋಯಿತು! ಕೀಲಿಯನ್ನು ಊಹೆಗೆ ಸಿಗದಂತೆ ಮಾಡುವ ಅಂಶ ಬೆರೆಸುತ್ತಿದ್ದ ಸಾಲೂ ಅವುಗಳಲ್ಲಿತ್ತು. ಉಳಿದದ್ದು ಓಡುತ್ತಿರುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಪ್ರೋಸೆಸ್ ಸಂಖ್ಯೆಯೊಂದೇ. ಅದು ಸಾಮಾನ್ಯವಾಗಿ 32,767 ದಾಟುತ್ತಿರಲಿಲ್ಲ. ಆ ಅವಧಿಯಲ್ಲಿ ಹೀಗೆ ಹುಟ್ಟಿದ ಕೀಲಿಗಳನ್ನೆಲ್ಲ ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ರಸ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಇಂಥ ಉಳಿಕೆಯ ವಿಷಯದಲ್ಲಿ ಹಟಮಾರಿ. ಬೆಲೆ ತುಂಬದ ವೇರಿಯಬಲ್ ಓದಹೊರಟರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ.