ಅಕ್ವೇರಿಯಂ ಕೆಳಗೊಂದು ಪಾಚಿ ತೋಟ

ಸಮುದ್ರ ಮೀನುಗಳ ಅಕ್ವೇರಿಯಂ ಕೆಳಗೆ ಇನ್ನೊಂದು ತೊಟ್ಟಿಯಿಟ್ಟು, ಅದರಲ್ಲಿ ಬೇಕೆಂದೇ ಪಾಚಿ ಬೆಳೆಸುತ್ತಾರಲ್ಲ, ಏಕೆ?

ಕೆಳಗಿನ ತೊಟ್ಟಿಯೇ ಸಂಪ್. ಗಾಜಿನ ಅಡ್ಡಗೋಡೆಯಿಂದ ಬೇರ್ಪಡಿಸಿದ ಅದರ ಪಾಚಿ ಕೋಣೆ ರೆಫ್ಯೂಜಿಯಂ.

ಮೀನಿನ ತ್ಯಾಜ್ಯ, ಉಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಮೇಲಿನಿಂದ ತುಂಬಿ ಹರಿದ ನೀರು ಕೊಳವೆಯಲ್ಲಿ ಸಂಪ್‌ಗೆ ಇಳಿದಾಗ, ಕೀಟೊಮಾರ್ಫಾ ಎಂಬ ಹಸಿರು ಪಾಚಿ ಆ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರಿ ಬೆಳೆಯುತ್ತದೆ. ಬಚ್ಚಲ ನೀರುಂಡು ಹಿತ್ತಲ ಬಾಳೆ ಬೆಳೆದಂತೆ. ಹೆಚ್ಚಾದ ಪಾಚಿಯನ್ನು ಕಿತ್ತೆಸೆದರೆ ಅದು ಹೀರಿದ್ದೂ ಹೊರಹೋಗುತ್ತದೆ. ಶುದ್ಧವಾದ ನೀರನ್ನು ಪಂಪ್ ಮೇಲೇರಿಸುತ್ತದೆ.

ಪಾಚಿಯ ದೀಪವನ್ನು ಹಲವರು ರಾತ್ರಿ ಉರಿಸುತ್ತಾರೆ. ಮೇಲಿನ ತೊಟ್ಟಿ ಕತ್ತಲಲ್ಲಿದ್ದಾಗ ಪಾಚಿ ಕಾರ್ಬನ್ ಡೈಆಕ್ಸೈಡ್ ಬಳಸಿಕೊಳ್ಳುವುದರಿಂದ ಪಿಎಚ್ ಅಷ್ಟಾಗಿ ಕುಸಿಯುವುದಿಲ್ಲ.

ಮನೆಯಲ್ಲೇ ಸಂಪ್ ಕಟ್ಟುವವರು ಅದನ್ನು ಅಂಚಿನವರೆಗೆ ತುಂಬಬಾರದು. ಕರೆಂಟ್ ಹೋಗಿ ಪಂಪ್ ನಿಂತಾಗ ಮೇಲಿನಿಂದ ಇಳಿಯುವ ನೀರಿಗೂ ಅಲ್ಲಿ ಜಾಗವಿರಬೇಕು.